ಶೂನ್ಯ ಫಲಿತಾಂಶದ ಹಿಂದೆ: ದತ್ತಾಂಶ ಸರ್ವರಿನ ಅಪ್‌ಡೇಟ್‌ಗಳು ಮತ್ತು ಗಡಿಕನ್ನಡದ ದಾಖಲೆ

ಕೊಲ್ಹಾಪುರ ಜಿಲ್ಲೆಯ ಚಂದಗಡ ತಾಲ್ಲೂಕಿನ ಕೋವಾಡವನ್ನು ಮರಾಠಿ ಸಾಹಿತ್ಯದ ಓದುಗರು ‘ಸ್ವಾಮಿ’ ಕಾದಂಬರಿಯ ಕರ್ತೃ ರಣಜಿತ ದೇಸಾಯಿಯವರ ಊರೆಂದು ಬಲ್ಲರು. ಗಡಿಭಾಗದ ಕನ್ನಡವನ್ನು ಅಭ್ಯಾಸ ಮಾಡುವವರಿಗೆ ಅದೇ ಊರು ಇನ್ನೊಂದು ಕಾರಣಕ್ಕೆ ಮುಖ್ಯವಾಗುತ್ತದೆ. ಚಂದಗಡ ತಾಲ್ಲೂಕು 1956ರವರೆಗೆ ಬೆಳಗಾವಿ ಜಿಲ್ಲೆಯ ಭಾಗವಾಗಿತ್ತು. ಆ ವರ್ಷದ ರಾಜ್ಯ ಪುನರ್ವಿಂಗಡಣೆಯ ಕಾಯಿದೆಯು ಚಂದಗಡವನ್ನು ಹೊರತುಪಡಿಸಿ ಉಳಿದ ಬೆಳಗಾವಿ ಜಿಲ್ಲೆಯನ್ನು ಮೈಸೂರು ರಾಜ್ಯಕ್ಕೆ ಸೇರಿಸಿತು. ಹೀಗಾಗಿ ಈ ಭಾಗದ ಗ್ರಾಮನಾಮಗಳು, ನುಡಿಸಾಮಗ್ರಿ, ಶಾಸನಪಾಠಗಳು ಎರಡು ರಾಜ್ಯಗಳ ಕಡತಗಳಲ್ಲಿ, ಎರಡು ಭಾಷೆಗಳಲ್ಲಿ, ಎರಡು ಲಿಪಿಗಳಲ್ಲಿ ಹಂಚಿಹೋಗಿವೆ. ಗಡಹಿಂಗ್ಲಜ, ಇಚಲಕರಂಜಿ, ಕೊಲ್ಹಾಪುರ ನಗರಗಳ ಕನ್ನಡ ಮಾತುಗಾರರ ಸಾಮಗ್ರಿಯ ಸ್ಥಿತಿಯೂ ಇದಕ್ಕಿಂತ ಬಹಳ ಭಿನ್ನವಲ್ಲ.

ಇಂತಹ ಸಾಮಗ್ರಿಯನ್ನು ಒಂದೆಡೆ ಕೂಡಿಸುವ ಕೆಲಸ ಇಂದು ನಡೆಯುವುದು ದತ್ತಾಂಶ ಸರ್ವರ್‌ಗಳಲ್ಲಿ. ವಿಶ್ವವಿದ್ಯಾಲಯದ ವಿಭಾಗವಿರಲಿ, ಸಣ್ಣ ಸಂಶೋಧನ ಕೇಂದ್ರವಿರಲಿ, ಬಹುಮಟ್ಟಿಗೆ ಅಲ್ಲಿರುವುದು ವಿಂಡೋಸ್ ಯಂತ್ರ. ಅದರ ಮೇಲೆ ಮೈಕ್ರೋಸಾಫ್ಟಿನ ಎಸ್‌ಕ್ಯೂಎಲ್ ಸರ್ವರ್ ಅಥವಾ ಮುಕ್ತ ತಂತ್ರಾಂಶವಾದ ಪೋಸ್ಟ್‌ಗ್ರೆಸ್‌ಕ್ಯೂಎಲ್. ಈ ತಂತ್ರಾಂಶಗಳಿಗೆ ಆಗಾಗ ಬರುವ ಅಪ್‌ಡೇಟ್‌ಗಳನ್ನೂ ದೋಷಪರಿಹಾರಗಳನ್ನೂ ಯಂತ್ರ ನೋಡಿಕೊಳ್ಳುವವರ ಕೆಲಸವೆಂದು ಅಧ್ಯಾಪಕವರ್ಗ ಸಾಮಾನ್ಯವಾಗಿ ಬದಿಗಿಡುತ್ತದೆ. ಆದರೆ ಯಾವ ಎರಡು ಅಕ್ಷರಸಾಲುಗಳು ಒಂದೇ ಪದ, ಯಾವ ಪದ ಮೊದಲು, ಯಾವ ಪದ ನಂತರ ಎಂಬ ತೀರ್ಮಾನವನ್ನು ಈ ತಂತ್ರಾಂಶಗಳೇ ಮಾಡುತ್ತವೆ. ಆ ತೀರ್ಮಾನ ಆವೃತ್ತಿಯಿಂದ ಆವೃತ್ತಿಗೆ ಬದಲಾಗಬಲ್ಲದು. ಆದುದರಿಂದ ಭಾಷಾ ದಾಖಲೆಯ ಸರ್ವರಿನ ಅಪ್‌ಡೇಟ್ ಒಂದು ಬಗೆಯ ಗ್ರಂಥಸಂಪಾದನೆ. ಅದನ್ನು ಸಂಪಾದಕರ ಎಚ್ಚರದಿಂದಲೇ ನಡೆಸಬೇಕಾಗುತ್ತದೆ.

ಇಲ್ಲಿ ಪಣಕ್ಕಿರುವುದು ಸಣ್ಣ ವಿಷಯವಲ್ಲ. ಬಹುಸಂಖ್ಯಾತ ಭಾಷೆಯ ಕೋಶದಲ್ಲಿ ಒಂದು ಪದ ಸಿಗದಿದ್ದರೆ ಬಳಕೆದಾರರು ಯಂತ್ರವನ್ನು ದೂರುತ್ತಾರೆ. ಅಲ್ಪಸಂಖ್ಯಾತ ಭಾಷೆಯ ಕೋಶದಲ್ಲಿ ಸಿಗದಿದ್ದರೆ ‘ಆ ಪದ ಅಲ್ಲಿ ಬಳಕೆಯಲ್ಲಿಲ್ಲ’ ಎಂದು ಬರೆದುಕೊಳ್ಳುತ್ತಾರೆ. ಗಡಿಪ್ರದೇಶದಲ್ಲಿ ಶೂನ್ಯ ಫಲಿತಾಂಶವೂ ಒಂದು ಸಾಕ್ಷ್ಯವಾಗಿಬಿಡುತ್ತದೆ.

ಕಾಣುವ ಪಾಠ, ಶೇಖರವಾದ ಪಾಠ

ಯುನಿಕೋಡ್ ವ್ಯವಸ್ಥೆಯಲ್ಲಿ ‘ಕೋವಾಡ’ ಎಂಬುದು ಐದು ಸಂಕೇತಗಳ ಸಾಲು: ಕ, ಓ-ಕಾರದ ಚಿಹ್ನೆ, ವ, ಆ-ಕಾರದ ಚಿಹ್ನೆ, ಡ. ಆದರೆ ಓ-ಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿ ಬರೆಯಬಹುದಾದಂತೆ, ಎ-ಕಾರದ ಚಿಹ್ನೆ, ಊ-ಕಾರದ ಚಿಹ್ನೆ, ದೀರ್ಘಚಿಹ್ನೆ ಎಂಬ ಮೂರು ಸಂಕೇತಗಳ ಸರಣಿಯಾಗಿಯೂ ಬರೆಯಬಹುದು. ಆಗ ಅದೇ ಹೆಸರು ಏಳು ಸಂಕೇತಗಳದ್ದಾಗುತ್ತದೆ. ಪರದೆಯ ಮೇಲೆ ಎರಡಕ್ಕೂ ವ್ಯತ್ಯಾಸ ಕಾಣದು. ಯುನಿಕೋಡ್ ಮಾನಕವೂ ಎರಡನ್ನು ಸಮಾನವೆಂದೇ ಹೇಳುತ್ತದೆ. ಈ, ಏ, ಐ, ಒ-ಕಾರಗಳ ಚಿಹ್ನೆಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಯಾವ ರೂಪ ಶೇಖರವಾಗುತ್ತದೆ ಎಂಬುದು ಕೀಲಿಮಣೆಯ ತಂತ್ರಾಂಶವನ್ನೂ ಹಳೆಯ ಕಡತವನ್ನು ಯುನಿಕೋಡಿಗೆ ಪರಿವರ್ತಿಸಿದ ಸಾಧನವನ್ನೂ ಅವಲಂಬಿಸಿದೆ.

ಮಾನಕವು ಸಮಾನವೆಂದದ್ದನ್ನು ಸರ್ವರ್ ಸಮಾನವೆಂದು ಎಣಿಸಲೇಬೇಕೆಂಬ ನಿಯಮವಿಲ್ಲ. ಪೋಸ್ಟ್‌ಗ್ರೆಸ್‌ಕ್ಯೂಎಲ್ ಸಾಮಾನ್ಯ ಸ್ಥಿತಿಯಲ್ಲಿ ಎರಡು ಸಾಲುಗಳ ಬೈಟ್‌ಗಳು ಒಂದೇ ಆಗಿದ್ದರೆ ಮಾತ್ರ ಅವನ್ನು ಸಮವೆಂದು ಒಪ್ಪುತ್ತದೆ. ಐದು ಸಂಕೇತಗಳ ಕೋವಾಡವನ್ನು ಹುಡುಕಿದವರಿಗೆ ಏಳು ಸಂಕೇತಗಳ ಕೋವಾಡ ಅಲ್ಲಿ ಸಿಗುವುದಿಲ್ಲ. 2019ರ 12ನೆಯ ಆವೃತ್ತಿ ಬೈಟ್‌ಭೇದವನ್ನು ಮೀರಿ ಸಮಾನತೆಯನ್ನು ನಿರ್ಣಯಿಸುವ ಅನುಕ್ರಮ ನಿಯಮಗಳಿಗೆ ಅವಕಾಶ ಕೊಟ್ಟಿತು. 2020ರ 13ನೆಯ ಆವೃತ್ತಿಯಲ್ಲಿ ಭಿನ್ನ ಸರಣಿಗಳನ್ನು ಒಂದೇ ರೂಪಕ್ಕೆ ತರುವ ಆಜ್ಞೆ ಸರ್ವರಿನೊಳಗೇ ದೊರೆಯಿತು. ಆವೃತ್ತಿಯ ಪ್ರಕಟಣೆಯಲ್ಲಿ ಒಂದೇ ಸಾಲಿಗೆ ಮುಗಿಯುವ ಇಂತಹ ಸೇರ್ಪಡೆಯಿಂದ, ಹಳೆಯ ಆವೃತ್ತಿಯಲ್ಲಿ ಎರಡು ಊರುಗಳಂತೆ ಇದ್ದ ನಮೂದುಗಳನ್ನು ಒಂದೇ ಊರಾಗಿ ಕೂಡಿಸುವುದು ಸಾಧ್ಯವಾಯಿತು.

ಇಲ್ಲಿ ಗ್ರಂಥಸಂಪಾದನೆಗೆ ಪರಿಚಿತವಾದ ಒಂದು ವಿವೇಕ ಬೇಕು. ಇಂದಿನ ‘ಕೊಲ್ಹಾಪುರ’ ಮತ್ತು ಶಾಸನಗಳ ‘ಕೊಲ್ಲಾಪುರ’, ‘ಗಡಹಿಂಗ್ಲಜ’ ಮತ್ತು ‘ಗಡಿಂಗ್ಲಜ’ ಇವು ನಿಜವಾದ ಪಾಠಾಂತರಗಳು. ಅವುಗಳಲ್ಲಿ ಉಚ್ಚಾರಣೆಯ, ಕಾಲದ, ಲಿಪಿಕಾರರ ಇತಿಹಾಸವಿದೆ; ಅವನ್ನು ಉಳಿಸಿಕೊಳ್ಳಬೇಕು. ಐದು ಸಂಕೇತಗಳ ಕೋವಾಡ ಮತ್ತು ಏಳು ಸಂಕೇತಗಳ ಕೋವಾಡ ಪಾಠಾಂತರಗಳಲ್ಲ. ಅವು ಯಂತ್ರ ಹುಟ್ಟಿಸಿದ ಭೇದ, ಅದನ್ನು ಅಳಿಸಬೇಕು. ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ‘ಶುದ್ಧಗೊಳಿಸುವ’ ಪರಿವರ್ತನೆ, ಏನನ್ನೂ ಶುದ್ಧಗೊಳಿಸದೆ ಬಿಡುವುದಕ್ಕಿಂತ ಹೆಚ್ಚು ಹಾನಿ ಮಾಡಬಲ್ಲದು.

ಕಣ್ಣಿಗೆ ಕಾಣದ ಸಂಕೇತಗಳ ಸಮಸ್ಯೆ ಇನ್ನೂ ಸೂಕ್ಷ್ಮವಾದುದು. ‘ಅಪ್‌ಡೇಟ್’ ಎಂಬ ಪದವನ್ನೇ ನೋಡಬಹುದು. ಪಕಾರ ಡಕಾರಗಳು ಒತ್ತಕ್ಷರವಾಗದಂತೆ ಅವುಗಳ ನಡುವೆ ಅಗಲವಿಲ್ಲದ ಒಂದು ವಿಯೋಜಕ ಸಂಕೇತವಿರುತ್ತದೆ. ಅದಿಲ್ಲದೆ ಬರೆದರೆ ‘ಅಪ್ಡೇಟ್’ ಆಗುತ್ತದೆ. ಓದುಗರಿಗೆ ಎರಡೂ ಒಂದೇ ಪದ. ಬೈಟ್‌ಗಳನ್ನು ಹೋಲಿಸುವ ಸರ್ವರಿಗೆ ಎರಡು ಪದ. ಮರಾಠಿಯಲ್ಲಿ ಈ ಭೇದ ಅರ್ಥವನ್ನೇ ಬದಲಿಸುತ್ತದೆ. ರೇಫದೊಡನೆ ಬರೆದ ‘ದರ್ಯಾ’ ಎಂದರೆ ಸಮುದ್ರ. ಕಣ್ರೆಪ್ಪೆಯಾಕಾರದ ಅರ್ಧ ರಕಾರದಿಂದ ಬರೆದ ‘ದರ‍್ಯಾ’ ಎಂದರೆ ಕಣಿವೆಗಳು. ಈ ಅರ್ಧ ರಕಾರಕ್ಕೆ ದೇವನಾಗರಿಯಲ್ಲಿ ಎರಡು ಸಂಕೇತಕ್ರಮಗಳು ರೂಢಿಯಲ್ಲಿವೆ: ಒಂದು ಚುಕ್ಕೆಯುಳ್ಳ ಬೇರೆಯೇ ರಕಾರದಿಂದ, ಇನ್ನೊಂದು ಸಾಮಾನ್ಯ ರಕಾರದ ಹಲಂತಕ್ಕೆ ಕಾಣದ ಸಂಯೋಜಕವನ್ನು ಸೇರಿಸುವುದರಿಂದ. ಕಾಣದ ಸಂಕೇತಗಳೆಲ್ಲ ಕಸವೆಂದು ಒಮ್ಮೆಗೇ ತೆಗೆದುಹಾಕಿದರೆ ಕನ್ನಡದ ಹುಡುಕಾಟ ಸರಿಹೋಗಬಹುದು. ಪಕ್ಕದ ಮರಾಠಿ ಅಂಕಣದಲ್ಲಿ ಎರಡನೆಯ ಕ್ರಮದಲ್ಲಿ ಬರೆದ ಕಣಿವೆಗಳು ಸಮುದ್ರವಾಗುತ್ತವೆ.

ಐದು ಪ್ರಶ್ನಾರ್ಥಕ ಚಿಹ್ನೆಗಳು

ಯುನಿಕೋಡಿಗೆ ಮೊದಲು ಭಾರತೀಯ ಲಿಪಿಗಳಿಗೆ ಇಸ್ಕಿ ಎಂಬ ರಾಷ್ಟ್ರೀಯ ಮಾನಕವಿತ್ತು. 1991ರ ಆ ಮಾನಕದಲ್ಲಿ ಕನ್ನಡದ ಕಕಾರಕ್ಕೂ ದೇವನಾಗರಿಯ ಕಕಾರಕ್ಕೂ ಒಂದೇ ಸಂಕೇತ. ಲಿಪಿಯನ್ನು ಬದಲಿಸಿದರೆ ಪಠ್ಯ ಲಿಪ್ಯಂತರಗೊಳ್ಳುತ್ತಿತ್ತು. ಆದರೆ ಕಚೇರಿಗಳಲ್ಲೂ ಮುದ್ರಣಾಲಯಗಳಲ್ಲೂ ಹರಡಿದ್ದು ಅಕ್ಷರವಿನ್ಯಾಸವನ್ನೇ ಆಧರಿಸಿದ ಫಾಂಟ್‌ಗಳು. ಅವುಗಳಲ್ಲಿ ಕಣ್ಣಿಗೆ ಕನ್ನಡ ಕಂಡರೂ ಒಳಗೆ ಶೇಖರವಾಗುತ್ತಿದ್ದುದು ಲ್ಯಾಟಿನ್ ಅಕ್ಷರಗಳ ಸಂಕೇತಗಳು. ವಿಂಡೋಸ್‌ನಲ್ಲಿ ಯುನಿಕೋಡಿನ ಬೆಂಬಲವೂ ಎರಡೂ ಭಾಷೆಗಳಿಗೆ ಒಟ್ಟಿಗೆ ಬರಲಿಲ್ಲ. ಹಿಂದಿ, ಮರಾಠಿ, ಕೊಂಕಣಿ, ಸಂಸ್ಕೃತ, ತಮಿಳುಗಳಿಗೆ ವಿಂಡೋಸ್ 2000ದಲ್ಲಿ ಸ್ಥಾನ ದೊರೆಯಿತು; ಕನ್ನಡಕ್ಕೆ ಅದು ದೊರೆತದ್ದು 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ, ತುಂಗಾ ಎಂಬ ಫಾಂಟಿನೊಡನೆ. ಗಡಿಭಾಗದ ಒಂದೇ ಯಂತ್ರದಲ್ಲಿ ಮರಾಠಿಯ ಅಂಕಣ ಸರಿಯಾಗಿದ್ದು ಕನ್ನಡದ್ದು ಅಸ್ತವ್ಯಸ್ತವಾಗಿದ್ದರೆ ಅದಕ್ಕೆ ಇಂತಹ ಇತಿಹಾಸವೂ ಒಂದು ಕಾರಣವಾಗಿರಬಹುದು.

ಎಸ್‌ಕ್ಯೂಎಲ್ ಸರ್ವರಿನಲ್ಲಿ ಕನ್ನಡ ಪಠ್ಯ ಉಳಿಯಬೇಕಾದರೆ ಅಂಕಣವು ‘ಎನ್‌ವಾರ್‌ಚಾರ್’ ಬಗೆಯದಾಗಿರಬೇಕು; ಆಜ್ಞೆಯಲ್ಲಿ ಬರೆಯುವ ಪದದ ಹಿಂದೆ ‘ಎನ್’ ಎಂಬ ಅಕ್ಷರವೂ ಇರಬೇಕು. ಅದನ್ನು ಮರೆತರೆ, ಲ್ಯಾಟಿನ್ ಸಂಕೇತಪುಟವುಳ್ಳ ಸರ್ವರ್ ತನಗೆ ತಿಳಿಯದ ಪ್ರತಿಯೊಂದು ಸಂಕೇತದ ಸ್ಥಾನದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆಯನ್ನು ಇರಿಸುತ್ತದೆ. ಕೋವಾಡ ಐದು ಪ್ರಶ್ನಾರ್ಥಕ ಚಿಹ್ನೆಗಳಾಗುತ್ತದೆ. ಚಂದಗಡವೂ ಐದು ಸಂಕೇತಗಳ ಹೆಸರೇ. ಅದೂ ಐದು ಪ್ರಶ್ನಾರ್ಥಕ ಚಿಹ್ನೆಗಳಾಗುತ್ತದೆ. ಊರು ಯಾವುದು, ತಾಲ್ಲೂಕು ಯಾವುದು ಎಂದು ಆಮೇಲೆ ತಿಳಿಯುವ ಮಾರ್ಗವಿಲ್ಲ. ಇದು ಮೂಲಪಾಠದ ನಾಶ. ಯಾವ ಅಪ್‌ಡೇಟೂ ಅದನ್ನು ಮರಳಿ ಕೊಡಲಾರದು.

ಈ ತೊಡಕಿಗೆ ಎಸ್‌ಕ್ಯೂಎಲ್ ಸರ್ವರ್ 2019 ಒಂದು ಪರಿಹಾರವನ್ನು ತಂದಿತು. ಯುಟಿಎಫ್-8 ಪದ್ಧತಿಯ ಅನುಕ್ರಮ ನಿಯಮವನ್ನು ಇಡೀ ಡೇಟಾಬೇಸಿಗೆ ಆಯ್ದುಕೊಂಡರೆ ‘ಎನ್’ ಇಲ್ಲದ ಪದವೂ ಸುರಕ್ಷಿತ. ಆದರೆ ಅದಕ್ಕೆ ಬೆಲೆಯುಂಟು. ಯುಟಿಎಫ್-16ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 2 ಬೈಟ್ ಸಾಕು. ಯುಟಿಎಫ್-8ರಲ್ಲಿ 3 ಬೇಕು. ಕೋವಾಡ ಮೊದಲನೆಯದರಲ್ಲಿ 10 ಬೈಟ್, ಎರಡನೆಯದರಲ್ಲಿ 15 ಬೈಟ್. ಏಳು ಸಂಕೇತಗಳ ರೂಪವಾದರೆ 21 ಬೈಟ್. ಊರಿನ ಹೆಸರಿಗೆಂದು 20 ಬೈಟ್‌ಗಳನ್ನು ಮೀಸಲಿಟ್ಟ ಅಂಕಣದಲ್ಲಿ ಒಂದು ರೂಪ ಹಿಡಿಸುತ್ತದೆ, ಇನ್ನೊಂದು ಹಿಡಿಸುವುದಿಲ್ಲ. ಇಂಗ್ಲಿಷ್ ಪಠ್ಯಕ್ಕೆ ಸ್ಥಳವನ್ನು ಉಳಿಸುವ ಪದ್ಧತಿ ಕನ್ನಡ ಪಠ್ಯಕ್ಕೆ ಒಂದೂವರೆಪಟ್ಟು ಸ್ಥಳವನ್ನು ಕೇಳುತ್ತದೆ ಎಂಬುದನ್ನು ಮೊದಲೇ ಲೆಕ್ಕಹಾಕಬೇಕು.

ಪಠ್ಯ ಅಂಕಣಕ್ಕೆ ಹಿಡಿಸದಿದ್ದಾಗ ಸರ್ವರ್ ನಮೂದನ್ನು ನಿರಾಕರಿಸುತ್ತದೆ. ಬಹುಕಾಲ ಆ ಸಂದೇಶದಲ್ಲಿ ಯಾವ ಅಂಕಣ, ಯಾವ ಪಠ್ಯ ಎಂಬ ವಿವರವೇ ಇರುತ್ತಿರಲಿಲ್ಲ. ಸಾವಿರಾರು ಗ್ರಾಮನಾಮಗಳನ್ನು ಒಟ್ಟಿಗೆ ಸೇರಿಸುವಾಗ ತಪ್ಪಿದ್ದು ಯಾವುದೆಂದು ಹುಡುಕುವುದು ಹುಲ್ಲಿನ ಬಣವೆಯಲ್ಲಿ ಸೂಜಿ ಅರಸಿದಂತೆ. 2019ರ ಆವೃತ್ತಿ ಅಂಕಣದ ಹೆಸರನ್ನೂ ಪಠ್ಯವನ್ನೂ ತಿಳಿಸುವ 2628ನೆಯ ಸಂದೇಶವನ್ನು ತಂದಿತು. ಅದೇ ಸೌಲಭ್ಯ 2017ರ ಆವೃತ್ತಿಯವರಿಗೆ 12ನೆಯ ಸಂಚಿತ ಅಪ್‌ಡೇಟಿನ ಮೂಲಕ, 2016ರ ಆವೃತ್ತಿಯವರಿಗೆ ಎರಡನೆಯ ಸರ್ವಿಸ್ ಪ್ಯಾಕಿನ 6ನೆಯ ಸಂಚಿತ ಅಪ್‌ಡೇಟಿನ ಮೂಲಕ ದೊರೆಯಿತು. ಹೊಸ ಆವೃತ್ತಿಯನ್ನು ಕೊಳ್ಳಲಾಗದ ಕೇಂದ್ರಗಳಿಗೂ ಸಕಾಲಿಕ ಅಪ್‌ಡೇಟ್‌ನಿಂದ ಏನು ಲಾಭವೆಂಬುದಕ್ಕೆ ಇದೊಂದು ಒಳ್ಳೆಯ ನಿದರ್ಶನ.

ಅಕ್ಷರದ ತೂಕ, ಸೂಚಿಯ ಕ್ರಮ

ಕನ್ನಡ ವರ್ಣಮಾಲೆಯಲ್ಲಿ ಳಕಾರ ಹಕಾರದ ನಂತರ ಬರುತ್ತದೆ. ಯುನಿಕೋಡಿನ ಸಂಕೇತಸಂಖ್ಯೆಯಲ್ಲಿ ಅದು ಲಕಾರದ ಪಕ್ಕದಲ್ಲಿ, ವಕಾರಕ್ಕಿಂತ ಮೊದಲೇ ಇದೆ. ಮರಾಠಿ ವರ್ಣಮಾಲೆ ಹ, ಳ, ಕ್ಷ, ಜ್ಞ ಎಂದು ಮುಗಿಯುತ್ತದೆ. ಕನ್ನಡ ನಿಘಂಟುಗಳಲ್ಲಿ ಕ್ಷಕಾರವನ್ನು ಕಕಾರದ ಅಡಿಯಲ್ಲಿ ಹುಡುಕಬೇಕು. ಆದುದರಿಂದ ಕೇವಲ ಸಂಕೇತಸಂಖ್ಯೆಯ ಪ್ರಕಾರ ಜೋಡಿಸಿದ ಪಟ್ಟಿ ಎರಡೂ ಭಾಷೆಗಳ ನಿಘಂಟುಕ್ರಮಕ್ಕೆ ಹೊಂದುವುದಿಲ್ಲ. ಈ ಅಂತರವನ್ನು ತುಂಬಲು ಪ್ರತಿ ಸಂಕೇತಕ್ಕೂ ಒಂದು ತೂಕವನ್ನು ಕೊಡುವ ಕೋಷ್ಟಕಗಳಿರುತ್ತವೆ. ತಂತ್ರಜ್ಞರು ಇದನ್ನು ಕೊಲೇಷನ್ ಎನ್ನುತ್ತಾರೆ. ಗ್ರಂಥಸಂಪಾದನೆಯಲ್ಲಿ ಹಸ್ತಪ್ರತಿಗಳನ್ನು ಹೋಲಿಸುವ ಕಾರ್ಯಕ್ಕೂ ಇಂಗ್ಲಿಷಿನಲ್ಲಿ ಇದೇ ಹೆಸರಿರುವುದನ್ನು ಗಮನಿಸಬಹುದು.

ಆ ಕೋಷ್ಟಕಕ್ಕೆ ಪರಿಚಯವಿಲ್ಲದ ಸಂಕೇತಕ್ಕೆ ತೂಕವಿರುವುದಿಲ್ಲ. ತೂಕವಿಲ್ಲದ ಸಂಕೇತ ಹೋಲಿಕೆಯ ಹೊತ್ತಿಗೆ ಇಲ್ಲದಂತೆಯೇ. ಎಸ್‌ಕ್ಯೂಎಲ್ ಸರ್ವರಿನಲ್ಲಿ ಭಾರತೀಯ ಭಾಷೆಗಳಿಗೆಂದು ಇರುವ ‘ಇಂಡಿಕ್ ಜನರಲ್’ ಎಂಬ ಅನುಕ್ರಮದ 90ನೆಯ ರೂಪ 2005ರ ಆವೃತ್ತಿಯದು, 100ನೆಯ ರೂಪ 2008ರ ಆವೃತ್ತಿಯದು. ಕನ್ನಡ ಲಿಪಿಗೆ ಚಂದ್ರಬಿಂದು ಯುನಿಕೋಡಿನಲ್ಲಿ ಸೇರಿದ್ದು 2014ರಲ್ಲಿ. 2008ರ ಕೋಷ್ಟಕಕ್ಕೆ 2014ರ ಸಂಕೇತ ತಿಳಿದಿರಲು ಸಾಧ್ಯವಿಲ್ಲ. ಕೊಂಕಣಿ ಅಥವಾ ಚಂದಗಡ ಭಾಗದ ಆಡುಮಾತಿನ ಅನುನಾಸಿಕ ಸ್ವರಗಳನ್ನು ಕನ್ನಡ ಲಿಪಿಯಲ್ಲಿ ಚಂದ್ರಬಿಂದುವಿನಿಂದ ಗುರುತಿಸಿದ ನುಡಿಕೋಶವೊಂದನ್ನು ಊಹಿಸಿಕೊಂಡರೆ, ಅನುನಾಸಿಕ ಭೇದವೊಂದರಿಂದಲೇ ಬೇರೆಯಾದ ಎರಡು ಪದಗಳನ್ನು ಅಂತಹ ಸರ್ವರ್ ಒಂದೇ ಎಂದು ಎಣಿಸುತ್ತದೆ. ಪ್ರತಿ ಪದವೂ ಒಮ್ಮೆ ಮಾತ್ರ ಬರಬೇಕೆಂಬ ನಿಯಮವಿದ್ದರೆ ಎರಡನೆಯ ಪದಕ್ಕೆ ಪ್ರವೇಶವೇ ಇಲ್ಲ. ಧ್ವನಿಮಾ ವಿಶ್ಲೇಷಣೆಗೆಂದು ಕೂಡಿಸಿದ ಕೋಶ ತಾನು ತೋರಿಸಬೇಕಾದ ಭೇದವನ್ನೇ ನುಂಗಿಬಿಡುತ್ತದೆ.

ಕೋಷ್ಟಕ ಬದಲಾದಾಗ ಏನಾಗುತ್ತದೆ? ಸರ್ವರ್ ವೇಗವಾಗಿ ಹುಡುಕಲು ಪದಗಳ ಸೂಚಿಯನ್ನು ಇಟ್ಟುಕೊಂಡಿರುತ್ತದೆ. ಗ್ರಂಥಾಲಯದ ಕಾರ್ಡುಗಳ ಸೆಳೆಖಾನೆಗಳನ್ನು ನೆನೆದರೆ ಇದು ಸ್ಪಷ್ಟವಾಗುತ್ತದೆ. ಕಾರ್ಡುಗಳು ಹಳೆಯ ಅಕಾರಾದಿಯಲ್ಲಿಯೇ ಇವೆ. ಹುಡುಕುವವರಿಗೆ ಮಾತ್ರ ಹೊಸ ಅಕಾರಾದಿಯನ್ನು ಕೊಡಲಾಗಿದೆ. ಅವರು ಹೊಸ ಕ್ರಮದ ಪ್ರಕಾರ ಒಂದು ಸೆಳೆಖಾನೆಯನ್ನು ತೆರೆದು, ಕಾರ್ಡು ಇಲ್ಲವೆಂದು ಹೇಳಿ ಮರಳುತ್ತಾರೆ. ಕಾರ್ಡು ಪಕ್ಕದ ಸೆಳೆಖಾನೆಯಲ್ಲಿದೆ. ಲಿನಕ್ಸ್ ವ್ಯವಸ್ಥೆಗಳ ಮೂಲಗ್ರಂಥಾಲಯವಾದ ಜಿಲಿಬ್‌ಸಿಯ 2.28ನೆಯ ಆವೃತ್ತಿ 2018ರ ಆಗಸ್ಟ್‌ನಲ್ಲಿ ಅನುಕ್ರಮದ ಕೋಷ್ಟಕಗಳನ್ನು ವ್ಯಾಪಕವಾಗಿ ಪರಿಷ್ಕರಿಸಿದಾಗ ಅದನ್ನು ಅವಲಂಬಿಸಿದ್ದ ಪೋಸ್ಟ್‌ಗ್ರೆಸ್‌ಕ್ಯೂಎಲ್ ಸೂಚಿಗಳಿಗೆ ಇದೇ ಆಯಿತು. ದೋಷಸಂದೇಶವಿಲ್ಲ, ಯಂತ್ರ ನಿಲ್ಲಲಿಲ್ಲ. ಕೆಲವು ಹುಡುಕಾಟಗಳು ತಪ್ಪು ಉತ್ತರ ಕೊಡತೊಡಗಿದವು. ವಿಂಡೋಸ್‌ನ ಅನುಕ್ರಮ ಕೋಷ್ಟಕಗಳೂ ವಿಂಡೋಸ್‌ನ ಆವೃತ್ತಿಯೊಂದಿಗೆ ಬದಲಾಗಬಲ್ಲವು. ಹಾಗಾದಾಗ ಸೂಚಿಗಳನ್ನು ಮತ್ತೆ ಕಟ್ಟಬೇಕಾಗುತ್ತದೆ.

ಈ ವಿಷಯದಲ್ಲಿ ಎರಡು ತಂತ್ರಾಂಶಗಳ ನಿಲುವುಗಳು ಬೇರೆ ಬೇರೆ. ಎಸ್‌ಕ್ಯೂಎಲ್ ಸರ್ವರ್ ಹಳೆಯ ಕೋಷ್ಟಕವನ್ನು ಮುಟ್ಟುವುದಿಲ್ಲ; ಹೊಸದನ್ನು ಹೊಸ ಸಂಖ್ಯೆಯೊಡನೆ ಬೇರೆಯಾಗಿ ಕೊಡುತ್ತದೆ. ಹಳೆಯ ಮುದ್ರಣವನ್ನು ಹಾಗೆಯೇ ಉಳಿಸಿ ಪರಿಷ್ಕೃತ ಮುದ್ರಣವನ್ನು ಪಕ್ಕದಲ್ಲಿಡುವ ಕ್ರಮವಿದು. ಇಲ್ಲಿ ಸ್ಥಿರತೆಯುಂಟು, ಆದರೆ ಹೊಸ ಅಕ್ಷರಗಳು ಕಾಯಬೇಕು. ಪೋಸ್ಟ್‌ಗ್ರೆಸ್‌ಕ್ಯೂಎಲ್ ಬಹುಮಟ್ಟಿಗೆ ಹೊರಗಿನ ಕೋಷ್ಟಕಗಳನ್ನು ನೆಚ್ಚುತ್ತದೆ. 2017ರ 10ನೆಯ ಆವೃತ್ತಿಯಿಂದ ಯುನಿಕೋಡಿನ ಐಸಿಯು ಗ್ರಂಥಾಲಯವನ್ನು ಬಳಸುವ, ಅದರ ಆವೃತ್ತಿಯನ್ನು ಬರೆದಿಟ್ಟುಕೊಂಡು ವ್ಯತ್ಯಾಸ ಕಂಡಾಗ ಎಚ್ಚರಿಸುವ ವ್ಯವಸ್ಥೆ ಅಲ್ಲಿದೆ. ಆ ಎಚ್ಚರಿಕೆಯನ್ನು ಓದುವವರು ಇರಬೇಕಷ್ಟೆ.

ಅಪ್‌ಡೇಟಿನ ವಿಧಗಳು

ಎಲ್ಲ ಅಪ್‌ಡೇಟ್‌ಗಳೂ ಒಂದೇ ಬಗೆಯವಲ್ಲ. ಎಸ್‌ಕ್ಯೂಎಲ್ ಸರ್ವರಿಗೆ 2017ರ ಆವೃತ್ತಿಯಿಂದ ಸರ್ವಿಸ್ ಪ್ಯಾಕ್‌ಗಳಿಲ್ಲ. ಅಲ್ಲಿಯವರೆಗಿನ ಎಲ್ಲ ದೋಷಪರಿಹಾರಗಳನ್ನು ಒಳಗೊಂಡ ಸಂಚಿತ ಅಪ್‌ಡೇಟ್‌ಗಳು ಮಾತ್ರ ಇವೆ. ಭದ್ರತೆಗೆ ಸಂಬಂಧಿಸಿದ ತಿದ್ದುಪಡಿಗಳಷ್ಟೇ ಬೇಕೆನ್ನುವವರಿಗೆ ಜಿಡಿಆರ್ ಎಂಬ ಕಿರುದಾರಿ ಉಂಟು. ಒಮ್ಮೆ ಸಂಚಿತ ಅಪ್‌ಡೇಟಿನ ದಾರಿ ಹಿಡಿದವರು ಮುಂದಿನ ಭದ್ರತಾ ತಿದ್ದುಪಡಿಗಳನ್ನೂ ಅದೇ ದಾರಿಯಲ್ಲಿ ಪಡೆಯುತ್ತಾರೆ. ಸಂಚಿತ ಅಪ್‌ಡೇಟನ್ನು ಹಿಂತೆಗೆಯಬಹುದು. ಆದರೆ ಡೇಟಾಬೇಸನ್ನು ಒಂದು ಮುಖ್ಯ ಆವೃತ್ತಿಯಿಂದ ಮುಂದಿನದಕ್ಕೆ ಏರಿಸಿದರೆ ಅದನ್ನು ಹಳೆಯ ಸರ್ವರಿಗೆ ಮರಳಿಸಲಾಗದು.

ಪೋಸ್ಟ್‌ಗ್ರೆಸ್‌ಕ್ಯೂಎಲ್ 2005ರ ಜನವರಿಯ 8.0 ಆವೃತ್ತಿಯಿಂದ ವಿಂಡೋಸ್ ಮೇಲೆ ನೇರವಾಗಿ ನಡೆಯುತ್ತಿದೆ. ಅದರ ಕಿರು ಅಪ್‌ಡೇಟ್‌ಗಳು ಫೆಬ್ರವರಿ, ಮೇ, ಆಗಸ್ಟ್, ನವೆಂಬರ್ ತಿಂಗಳುಗಳಲ್ಲಿ ಬರುವುದು ವಾಡಿಕೆ. ಪ್ರತಿ ಮುಖ್ಯ ಆವೃತ್ತಿಗೆ ಸುಮಾರು 5 ವರ್ಷಗಳ ಬೆಂಬಲವಿರುತ್ತದೆ. ಕಿರು ಅಪ್‌ಡೇಟಿಗೆ ದತ್ತಾಂಶವನ್ನು ಹೊರತೆಗೆದು ಮತ್ತೆ ತುಂಬಬೇಕಾಗಿಲ್ಲ. ಮುಖ್ಯ ಆವೃತ್ತಿಯ ಬದಲಾವಣೆಗೆ ಅಂತಹ ಸಿದ್ಧತೆ ಬೇಕು. ವಿಂಡೋಸ್ ತಾನಾಗಿಯೇ ಅಪ್‌ಡೇಟ್ ಆಗುತ್ತಿದೆಯಲ್ಲ ಎಂಬ ಭರವಸೆ ಇಲ್ಲಿ ಸಲ್ಲದು. ಸಾಮಾನ್ಯ ರೀತಿಯಲ್ಲಿ ಸ್ಥಾಪಿಸಿದ ಪೋಸ್ಟ್‌ಗ್ರೆಸ್‌ಕ್ಯೂಎಲ್ ವಿಂಡೋಸ್ ಅಪ್‌ಡೇಟ್‌ನೊಂದಿಗೆ ಬದಲಾಗುವುದಿಲ್ಲ. ಯಾರಾದರೂ ಹೋಗಿ ತರುವವರೆಗೆ ಅದು ಇದ್ದಂತೆಯೇ ಇರುತ್ತದೆ.

ತಡದ ಬೆಲೆ, ಅವಸರದ ಬೆಲೆ

ಅಪ್‌ಡೇಟನ್ನು ಮುಂದೂಡುವುದರ ಪರಿಣಾಮವನ್ನು ಜಗತ್ತು 2003ರ ಜನವರಿ 25ರಂದು ಕಂಡಿತು. ಎಸ್‌ಕ್ಯೂಎಲ್ ಸರ್ವರ್ 2000ದ ಒಂದು ದೋಷವನ್ನು ಹಿಡಿದು ಸ್ಲ್ಯಾಮರ್ ಎಂಬ ಹುಳು ಅಂದು ಹರಡಿತು. ಅದರ ಗಾತ್ರ 376 ಬೈಟ್. ಈ ಲೇಖನದ ಒಂದು ವಾಕ್ಯದಷ್ಟೂ ಇಲ್ಲದಿರಬಹುದು. ದೋಷವಿದ್ದ ಯಂತ್ರಗಳಲ್ಲಿ ಬಹುಪಾಲನ್ನು ಅದು ಸುಮಾರು 10 ನಿಮಿಷಗಳಲ್ಲಿ ಆವರಿಸಿತು. ಆ ದೋಷಕ್ಕೆ ಪರಿಹಾರ 2002ರ ಜುಲೈಯಲ್ಲಿಯೇ, ಅಂದರೆ ಆರು ತಿಂಗಳು ಮೊದಲೇ ಪ್ರಕಟವಾಗಿತ್ತು. ಇನ್ನೂ ಗಮನಾರ್ಹವಾದುದೆಂದರೆ ಆ ಸರ್ವರಿನ ಕಿರುರೂಪ ಬೇರೆ ತಂತ್ರಾಂಶಗಳ ಹೊಟ್ಟೆಯೊಳಗೆ ಅಡಗಿ ಕುಳಿತಿದ್ದುದು. ತಮ್ಮಲ್ಲಿ ಅಂತಹ ಸರ್ವರ್ ಇದೆಯೆಂಬ ಅರಿವೇ ಇಲ್ಲದವರೂ ತೊಂದರೆಗೊಳಗಾದರು. ಗ್ರಂಥಾಲಯ, ಲೆಕ್ಕಪತ್ರಗಳ ತಂತ್ರಾಂಶಗಳೊಂದಿಗೆ ಬಂದ ಸರ್ವರ್‌ಗಳು ಸಂಶೋಧನ ಕೇಂದ್ರಗಳಲ್ಲಿಯೂ ಹೀಗೆ ಹೆಸರಿಲ್ಲದೆ ಇರಬಹುದು. ಬೆಂಬಲ ಮುಗಿದ ಆವೃತ್ತಿಗಳದ್ದೂ ಇದೇ ಕಥೆ: ಎಸ್‌ಕ್ಯೂಎಲ್ ಸರ್ವರ್ 2012ರ ಬೆಂಬಲ 2022ರ ಜುಲೈ 12ರಂದು, 2014ರದ್ದು 2024ರ ಜುಲೈ 9ರಂದು ಕೊನೆಗೊಂಡಿತು.

ಅವಸರಕ್ಕೂ ಬೆಲೆಯುಂಟು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ತಂತ್ರಾಂಶದ ದೋಷಯುಕ್ತ ಅಪ್‌ಡೇಟಿನಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಸ್ತಬ್ಧವಾದವು. ಅದೇ ವರ್ಷ ನವೆಂಬರ್ 14ರಂದು ಬಂದ ಪೋಸ್ಟ್‌ಗ್ರೆಸ್‌ಕ್ಯೂಎಲ್ 17.1 ತನ್ನೊಡನೆ ಕೂಡಿ ನಡೆಯುವ ಕೆಲವು ವಿಸ್ತರಣೆಗಳನ್ನು ಕೆಡಿಸಿತು. ಒಂದು ವಾರದಲ್ಲಿಯೇ, ನವೆಂಬರ್ 21ರಂದು, 17.2 ಬರಬೇಕಾಯಿತು. ತಿದ್ದುಪಡಿಗೇ ತಿದ್ದುಪಡಿ! ಇನ್ನು 14ನೆಯ ಆವೃತ್ತಿಯ ಮೊದಲ ರೂಪಗಳಲ್ಲಿ, ಬಳಕೆ ನಿಲ್ಲಿಸದೆ ಸೂಚಿ ಕಟ್ಟುವ ಆಜ್ಞೆಯು ಸದ್ದಿಲ್ಲದೆ ಸೂಚಿಯನ್ನು ಕೆಡಿಸಬಲ್ಲುದಾಗಿತ್ತು. 2022ರ ಜೂನ್‌ನಲ್ಲಿ 14.4 ವಾಡಿಕೆಯ ತಿಂಗಳಿಗೆ ಕಾಯದೆ ಹೊರಬಂದುದು ಈ ಕಾರಣಕ್ಕೆ. ಈ ಕೊನೆಯ ಪ್ರಸಂಗದಲ್ಲಿ ಒಂದು ಪಾಠವಿದೆ. 14.4ನ್ನು ಸ್ಥಾಪಿಸಿದ ಮಾತ್ರಕ್ಕೆ ಅದಾಗಲೇ ಕೆಟ್ಟ ಸೂಚಿ ಸರಿಹೋಗುತ್ತಿರಲಿಲ್ಲ. ಸೂಚಿಯನ್ನು ಮತ್ತೆ ಕಟ್ಟಬೇಕೆಂದು ಪ್ರಕಟಣೆಯ ಟಿಪ್ಪಣಿಯಲ್ಲಿ ಬರೆದಿತ್ತು. ದೋಷಪರಿಹಾರವು ಮುಂದಿನ ದೋಷಗಳನ್ನು ತಡೆಯುತ್ತದೆ. ಹಿಂದೆ ಆದದ್ದನ್ನು ತಿದ್ದಲು ಆ ಟಿಪ್ಪಣಿಯನ್ನು ಓದಬೇಕು.

ತಿದ್ದದೆ ಉಳಿಸಿಕೊಂಡ ದೋಷ

ಎಲ್ಲ ದೋಷಗಳನ್ನೂ ತಿದ್ದುವುದೇ ಸರಿಯೆ ಎಂಬ ಪ್ರಶ್ನೆಗೆ ಹಳಗನ್ನಡದ ‘ೞ’ ಅಕ್ಷರ ಒಂದು ಉತ್ತರವನ್ನು ಕೊಡುತ್ತದೆ. ಯುನಿಕೋಡಿನಲ್ಲಿ ಈ ಅಕ್ಷರಕ್ಕೆ ಇಂಗ್ಲಿಷಿನಲ್ಲಿ ಕೊಟ್ಟ ಹೆಸರು ‘ಕನ್ನಡದ ಫ ಅಕ್ಷರ’ ಎಂಬರ್ಥದ್ದು. ಇದು ತಪ್ಪೆಂದು ಕನ್ನಡ ಬಲ್ಲ ಯಾರಾದರೂ ಹೇಳಬಲ್ಲರು. ಆದರೆ ಒಮ್ಮೆ ಕೊಟ್ಟ ಹೆಸರನ್ನು ಎಂದಿಗೂ ಬದಲಿಸಬಾರದೆಂಬುದು ಯುನಿಕೋಡಿನ ಸ್ಥಿರತೆಯ ನಿಯಮ. ಆ ಹೆಸರನ್ನು ನೆಚ್ಚಿ ಬರೆದ ತಂತ್ರಾಂಶಗಳು ಕೆಡಬಾರದೆಂಬುದು ಅದರ ಉದ್ದೇಶ. ಹಾಗಾಗಿ ತಪ್ಪು ಹೆಸರು ಹಾಗೆಯೇ ಉಳಿದಿದೆ. ಅದರ ಪಕ್ಕದಲ್ಲಿ ಸರಿಯಾದ ಹೆಸರನ್ನು ಪರ್ಯಾಯನಾಮವಾಗಿ ಅಧಿಕೃತವಾಗಿ ನಮೂದಿಸಲಾಗಿದೆ. ಮಾತೃಕೆಯ ಪಾಠವನ್ನು ಕೈಯಾರೆ ತಿದ್ದದೆ ಶುದ್ಧಪಾಠವನ್ನು ಅಡಿಟಿಪ್ಪಣಿಯಲ್ಲಿ ಕೊಡುವ ಸಂಪಾದಕರ ಸಂಯಮವೂ ಇದೇ ಜಾತಿಯದು.

ಊರುಗಳ ದಾಖಲೆಗೂ ಈ ಸಂಯಮ ಅನ್ವಯಿಸುತ್ತದೆ. 1950ರ ಕಡತವೊಂದು ಚಂದಗಡದ ಹಳ್ಳಿಯನ್ನು ಬೆಳಗಾವಿ ಜಿಲ್ಲೆಯದೆಂದು ಹೇಳಿದರೆ ಅದು ದೋಷವಲ್ಲ. ಅಪ್‌ಡೇಟಿನ ಸಂದರ್ಭದಲ್ಲಿ ‘ಜಿಲ್ಲೆ’ ಎಂಬ ಅಂಕಣವನ್ನು ಇಂದಿನ ಪಟ್ಟಿಗೆ ಸಾರಾಸಗಟಾಗಿ ಹೊಂದಿಸಿದರೆ ಇತಿಹಾಸದ ಒಂದು ಪದರ ಅಳಿಸಿಹೋಗುತ್ತದೆ. ಹಳೆಯ ನಮೂದನ್ನು ಅದರ ಕಾಲಾವಧಿಯೊಡನೆ ಉಳಿಸಿ, ಹೊಸದನ್ನು ಹೊಸ ಕಾಲಾವಧಿಯೊಡನೆ ಸೇರಿಸುವುದು ಸರಿಯಾದ ಕ್ರಮ.

ಪರಿಷ್ಕರಣದ ಕ್ರಮ

ಈ ಎಲ್ಲ ವಿಚಾರಗಳಿಂದ ಕೆಲವು ಕಾರ್ಯಕ್ರಮಗಳು ತಾವಾಗಿ ಹೊಮ್ಮುತ್ತವೆ. ಮೊದಲನೆಯದು ಬ್ಯಾಕಪ್. ಬ್ಯಾಕಪ್ ಇದೆಯೆಂಬುದಕ್ಕಿಂತ ಅದರಿಂದ ದತ್ತಾಂಶವನ್ನು ಮರಳಿ ಪಡೆಯಲು ಸಾಧ್ಯವೆಂದು ಬೇರೊಂದು ಯಂತ್ರದಲ್ಲಿ ಪರೀಕ್ಷಿಸಿರುವುದು ಮುಖ್ಯ. ಅದರ ಒಂದು ಪ್ರತಿ ಬೇರೊಂದು ಊರಿನಲ್ಲಿರಬೇಕು. 2019ರ ಆಗಸ್ಟ್‌ನ ಮಹಾಪೂರದಲ್ಲಿ ಕೊಲ್ಹಾಪುರ ಜಿಲ್ಲೆ ನೀರಿನಲ್ಲಿ ನಿಂತುದನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಎರಡನೆಯದು ಸಾಕ್ಷಿಪದಗಳ ಪಟ್ಟಿ. ಅಪ್‌ಡೇಟಿಗೆ ಮೊದಲು ಐವತ್ತೋ ನೂರೋ ಪದಗಳನ್ನು ಆರಿಸಿಕೊಳ್ಳಬೇಕು: ಓ-ಕಾರದ ಎರಡೂ ರೂಪಗಳು, ಳಕಾರ ಮತ್ತು ಕ್ಷಕಾರದಿಂದ ತೊಡಗುವ ಪದಗಳು, ೞ ಮತ್ತು ಱ ಇರುವ ಶಾಸನರೂಪಗಳು, ಚಂದ್ರಬಿಂದುವಿರುವ ರೂಪಗಳು, ಕಾಣದ ಸಂಕೇತಗಳುಳ್ಳ ಆಧುನಿಕ ಪದಗಳು, ಮರಾಠಿಯ ಅರ್ಧ ರಕಾರದ ಜೋಡಿಗಳು. ಪ್ರತಿಯೊಂದನ್ನೂ ಹುಡುಕಿದಾಗ ಎಷ್ಟು ನಮೂದುಗಳು ಸಿಗುತ್ತವೆ, ಯಾವ ಕ್ರಮದಲ್ಲಿ ಬರುತ್ತವೆ ಎಂಬುದನ್ನು ಬರೆದಿಡಬೇಕು. ಅಪ್‌ಡೇಟಿನ ನಂತರ ಅದೇ ಹುಡುಕಾಟವನ್ನು ಮತ್ತೆ ಮಾಡಿ ಹೋಲಿಸಬೇಕು. ಈ ಪಟ್ಟಿಯನ್ನು ತಂತ್ರಜ್ಞರೊಬ್ಬರೇ ತಯಾರಿಸಲಾರರು. ಯಾವ ಭೇದ ಅರ್ಥವುಳ್ಳದ್ದು, ಯಾವುದು ಅಲ್ಲ ಎಂಬುದನ್ನು ಎರಡೂ ಭಾಷೆಗಳನ್ನು ಬಲ್ಲ ವಿದ್ವಾಂಸರೇ ಹೇಳಬೇಕು. ದ್ವಿಭಾಷಿಕ ಅಧ್ಯಾಪಕರಿಗೆ ಸರ್ವರಿನ ಕೋಣೆಯಲ್ಲಿ ಕೆಲಸವಿರುವುದು ಇಲ್ಲಿಯೇ.

ಮೂರನೆಯದು ಪ್ರಯೋಗ. ಅಪ್‌ಡೇಟನ್ನು ಮೊದಲು ಪ್ರತಿರೂಪದ ಮೇಲೆ ನಡೆಸಿ, ಪ್ರಕಟಣೆಯ ಟಿಪ್ಪಣಿಯನ್ನು ಪೂರ್ತಿ ಓದಿ, ಭದ್ರತಾ ತಿದ್ದುಪಡಿಯಾದರೆ ಕೆಲವು ದಿನಗಳೊಳಗೆ, ಇತರ ತಿದ್ದುಪಡಿಯಾದರೆ ಒಂದೆರಡು ವಾರ ನೋಡಿ ಮೂಲಯಂತ್ರಕ್ಕೆ ತರಬಹುದು. ಅನುಕ್ರಮ ಕೋಷ್ಟಕ ಬದಲಾಗಿದ್ದರೆ ಸೂಚಿಗಳನ್ನು ಮತ್ತೆ ಕಟ್ಟಬೇಕು. ಪೋಸ್ಟ್‌ಗ್ರೆಸ್‌ಕ್ಯೂಎಲ್‌ನಲ್ಲಿ ಸೂಚಿಗಳ ಆರೋಗ್ಯವನ್ನು ಪರೀಕ್ಷಿಸುವ ಸಾಧನ ಅದರೊಡನೆಯೇ ಬರುತ್ತದೆ.

ನಾಲ್ಕನೆಯದು ದಿನಚರಿ. ಯಾವ ದಿನ, ಯಾವ ಆವೃತ್ತಿಯಿಂದ ಯಾವ ಆವೃತ್ತಿಗೆ, ಸಾಕ್ಷಿಪದಗಳಲ್ಲಿ ಕಂಡ ವ್ಯತ್ಯಾಸವೇನು ಎಂಬುದನ್ನು ದಾಖಲಿಸಿ, ಅದನ್ನು ಕೋಶವನ್ನು ಬಳಸುವವರಿಗೂ ದೊರಕುವಂತೆ ಮಾಡಬೇಕು. ಮುದ್ರಿತ ನಿಘಂಟಿನಿಂದ ಉಲ್ಲೇಖಿಸುವಾಗ ಮುದ್ರಣದ ವರ್ಷವನ್ನು ಕೊಡುವಂತೆ, ದತ್ತಾಂಶಕೋಶದಿಂದ ಉಲ್ಲೇಖಿಸುವಾಗ ಹುಡುಕಿದ ದಿನಾಂಕವನ್ನೂ ಸರ್ವರಿನ ಆವೃತ್ತಿಯನ್ನೂ ಕೊಡುವ ಪದ್ಧತಿ ಬೆಳೆಯಬೇಕು.

ಸಂವಿಧಾನದ 29ನೆಯ ವಿಧಿ ತನ್ನದೇ ಆದ ಭಾಷೆ, ಲಿಪಿ, ಸಂಸ್ಕೃತಿಗಳನ್ನು ಹೊಂದಿರುವ ಜನವರ್ಗಕ್ಕೆ ಅವನ್ನು ಸಂರಕ್ಷಿಸಿಕೊಳ್ಳುವ ಹಕ್ಕನ್ನು ಕೊಟ್ಟಿದೆ. ಆ ಮಾತುಗಳು ಬರೆಯಲ್ಪಟ್ಟಾಗ ಲಿಪಿಯ ಸಂರಕ್ಷಣೆಯೆಂದರೆ ಶಾಲೆ, ಮುದ್ರಣಾಲಯ, ಗ್ರಂಥಾಲಯಗಳು. ಈಗ ಆ ಪಟ್ಟಿಗೆ ಸರ್ವರೂ ಸೇರಿದೆ. ಮುಂದೊಂದು ದಿನ ಸಂಶೋಧಕರೊಬ್ಬರು ಚಂದಗಡ ಭಾಗದ ಕನ್ನಡ ಪದವೊಂದನ್ನು ಹುಡುಕಿ ಶೂನ್ಯ ಫಲಿತಾಂಶವನ್ನು ಪಡೆದರೆ, ಆ ಶೂನ್ಯ ನುಡಿಯದೋ ಯಂತ್ರದ್ದೋ ಎಂಬುದನ್ನು ಅವರು ಆ ದಿನಚರಿಯನ್ನು ತೆರೆದು ತಿಳಿದುಕೊಳ್ಳುವಂತಿರಬೇಕು.